ಕೈಬೆರಳಿನ ತುಫಾನು

ಬಿಸ್ಮಾರ್ಕ್ ಸಮೀಪದ ಒಂದು ಮೋಟೆಲ್
ಉತ್ತರ ಡಕೋಟಾ
ಫೆಬ್ರವರಿ ೧೭

ಪ್ರೀತಿಯ ಅಮ್ಮ,

ಲಕೋಟೆಯ ಮೇಲೆ ಅಚ್ಚಾಗಿರುವ ಮೋಟೆಲಿನ ಹೆಸರು ಓದಿ ನೀನು ಮೂಗು ಮುರಿದಿರುತ್ತೀ. ಮುರಿ, ತಪ್ಪಿಲ್ಲ. ಇಲ್ಲಿನ ಟವಲಿನಿಂದ ಮುಖ ಒರೆಸಿಕೊಂಡರೆ ಮರಗೆಲಸದವನು ಮರಳುಕಾಗದ ಉಜ್ಜಿದಂತಾಗುತ್ತದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಕೇಳುತ್ತೇನೆ. ನನಗೆ ಬುದ್ಧಿ ಬಂದಾಗಿನಿಂದ ನಮ್ಮಿಬ್ಬರ ಏರ್ಪಾಡು ಅದೇ. ಈ ಸಲ ಕೇಳಬೇಕಾದವಳು ನೀನು.

ರಮೋನಾ ಎಂಬ ಹುಡುಗಿ ಈ ಶುಕ್ರವಾರ ಕ್ವೀನ್ಸ್‌ಗೆ, ನಿನ್ನ ಮನೆಗೆ ಬರುತ್ತಾಳೆ. ನಮ್ಮ ತಂಡದ ನರ್ತಕಿ. ಮೊನ್ನೆಯವರೆಗೆ ಆಗಿದ್ದಳು. ಅವಳ ಎಡಗಾಲಿನ ಮೂಳೆಯಲ್ಲಿ ಬಿರುಕಿದೆ. ನನ್ನ ಕೋಣೆಯಲ್ಲಿ ಅವಳಿಗೆ ಹಾಸಿಗೆ ಹಾಕಿಕೊಡು, ನಿನ್ನ ಮಂಡಿ ನೋಡುತ್ತಿದ್ದ ಡಾಕ್ಟರ ಬಳಿ ಕರೆದುಕೊಂಡು ಹೋಗು. ಉಪದೇಶ ಮಾತ್ರ ಬೇಡ. ನಾನು ಹೊರಟ ದಿನ ಬಾಗಿಲಲ್ಲಿ ನಿಂತು, "ಯೂನಿಯನ್ ಕಾರ್ಡಿಲ್ದೆ ಊರೂರು ಸುತ್ತೋರು ಕಲಾವಿದರಲ್ಲ ಕಣೇ, ಲಾರಿ ಸಾಮಾನು" ಅಂದೆಯಲ್ಲ, ಅದನ್ನು ಅವಳ ಮುಂದೆ ಅನ್ನಬೇಡ. ನೀನು ಹೇಳಿದ್ದು ಸುಳ್ಳಾಗಿದ್ದರೆ ಅನ್ನಬಹುದಿತ್ತು.

ನಮ್ಮ ಸಂಗೀತ ನಾಟಕದ ಹೆಸರು 'ಹಡಗುಕಟ್ಟೆಯ ಹುಡುಗಿಯರು'. ಊರೂರಿನ ಪೋಸ್ಟರಿನಲ್ಲಿ 'ನ್ಯೂಯಾರ್ಕಿನಿಂದ ನೇರವಾಗಿ' ಎಂದು ಹಾಕಿದ್ದಾರೆ. ನಮ್ಮಲ್ಲಿ ನ್ಯೂಯಾರ್ಕಿನಿಂದ ನೇರವಾಗಿ ಬಂದದ್ದು ನಾನೊಬ್ಬಳೇ, ಅದೂ ವೇಷಗಳಿಗೆ ಗುಂಡಿ ಹೊಲಿಯಲು. ನಾಯಕ ಟಲ್ಸಾದವನು, ಸಮುದ್ರ ನೋಡಿಯೇ ಇಲ್ಲ, ಆದರೆ ದಿನವೂ ಅದರ ಬಗ್ಗೆ ಅಳುತ್ತಾ ಹಾಡುತ್ತಾನೆ. ಜನ ತಮ್ಮ ಮದುವೆಯ ಕೋಟು ಹಾಕಿಕೊಂಡು ಬಂದು, ಅಸಲಿ ಮಾಲು ಸಿಕ್ಕಿತು ಎಂದುಕೊಂಡು ಮನೆಗೆ ಹೋಗುತ್ತಾರೆ. ಅವರನ್ನು ಕಂಡರೆ ಮೊದಲು ಅಯ್ಯೋ ಅನ್ನಿಸುತ್ತಿತ್ತು. ಈಗ ಅದೂ ಇಲ್ಲ. ಸಾಹಿತ್ಯ ಓದಿದ್ದಕ್ಕೆ ನನಗೆ ಸಿಕ್ಕ ಲಾಭವೆಂದರೆ, ಪರದೆಯ ಹಿಂದೆ ಬಾಯಲ್ಲಿ ಸೂಜಿ ಕಚ್ಚಿಕೊಂಡು ನಿಂತು ಯಾರ ಯಾರ ಬಗ್ಗೆ ತಿರಸ್ಕಾರ ಪಡಬಹುದೆಂದು ವಿಂಗಡಿಸುವುದು.

ಆ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿರುವವನು ಪ್ಲಂಕೆಟ್, ತಂಡದ ವ್ಯವಸ್ಥಾಪಕ. ಯಜಮಾನರು ಫ್ಲಾರಿಡಾದಲ್ಲಿದ್ದಾರೆ, ಅವರ ನಾಲಿಗೆ ಇವನ ಬಾಯಲ್ಲಿದೆ. ಕುಣಿಯುವವರಿಗೆಂದು ನಮ್ಮ ಲಾರಿಯಲ್ಲಿ, ಕಾಲಿಗೆ ಪೆಟ್ಟಾಗದಂತೆ ಪುಟಿಯುವ ಮರದ ನೆಲವೊಂದಿದೆ. ಅದನ್ನು ಇಳಿಸಿ ಜೋಡಿಸಲು ಅರ್ಧ ದಿನ ಬೇಕು. ಒಂದೇ ರಾತ್ರಿ ಆಟವಿರುವ ಊರುಗಳಲ್ಲಿ ಅವನು ಅದನ್ನು ಇಳಿಸುವುದೇ ಇಲ್ಲ. ನೀನು ಕುಣಿಯುತ್ತಿದ್ದಾಗ ನಿಮ್ಮ ಕಲಾವಿದರ ಯೂನಿಯನ್ನಿನವರು ಬರೀ ನೆಲದ ಮೇಲೆ ಹೆಜ್ಜೆ ಇಡುವುದಕ್ಕೂ ಬಿಡುತ್ತಿರಲಿಲ್ಲ. ಇವರು ಕಾಂಕ್ರೀಟಿನ ಮೇಲೆ ಹಾರುತ್ತಾರೆ, ಇಳಿಯುತ್ತಾರೆ, ಆಮೇಲೆ ಬಸ್ಸಿನಲ್ಲಿ ಕಾಲಿಗೆ ಐಸ್ ಕಟ್ಟಿಕೊಂಡು ಕೂರುತ್ತಾರೆ. ರಮೋನಾಳ ಕಾಲು ಬಿರುಕು ಬಿಟ್ಟದ್ದು ಹೀಗೆ. ಇನ್ನೊಂದು ಸಲ ಗಟ್ಟಿ ನೆಲದ ಮೇಲೆ ಹಾರಿದರೆ ಮೂಳೆ ಎರಡಾಗುತ್ತದೆ ಎಂದು ಒಮಾಹಾದ ಡಾಕ್ಟರ್ ಹೇಳಿದ್ದರು. ಎರಡಾದರೆ ಅವಳು ಮತ್ತೆ ಕುಣಿಯುವುದಿಲ್ಲ, ಅಷ್ಟೇ. ಕುಣಿಯುವುದು ಬಿಟ್ಟು ಅವಳಿಗೆ ಬೇರೇನೂ ಬರುವುದಿಲ್ಲ. ಅನ್ನ ಬಸಿದರೂ ಅರ್ಧ ಸಿಂಕಿನಲ್ಲಿರುತ್ತದೆ.

ಕಳೆದ ಶನಿವಾರದ ಊರಿನಲ್ಲಿ ನಾಟಕಶಾಲೆಯೇ ಇರಲಿಲ್ಲ. ಐಸ್-ಹಾಕಿ ಪಂದ್ಯ ಆಡುವ ಅಂಗಣ. ಮಂಜುಗಡ್ಡೆಯ ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ನಮ್ಮನ್ನು ನಿಲ್ಲಿಸಿದರು. ಕೆಳಗಿನಿಂದ ಚಳಿ ಅಂಗಾಲಿಗೆ ಏರುತ್ತಿತ್ತು. ರಮೋನಾ ಪ್ಲಂಕೆಟ್‌ನ ಹತ್ತಿರ ಹೋಗಿ ಡಾಕ್ಟರು ಹೇಳಿದ್ದನ್ನು ತಿಳಿಸಿ, "ಇವತ್ತಾದ್ರೂ ನೆಲ ಇಳಿಸಿ, ಇಲ್ಲಾ ಈ ಕುಣಿತದಿಂದ ನನ್ನ ಬಿಟ್ಬಿಡಿ" ಅಂದಳು.

"ಡಾಕ್ಟರ್ ಬಂದು ನಮ್ಮ ಟಿಕೆಟ್ ಮಾರ್ತಾನೇನಮ್ಮಾ?" ಅಂದ ಅವನು. "ಆಗ್ದಿದ್ರೆ ಹೇಳು, ಬಸ್ ಹತ್ತಿಸ್ತೀನಿ. ನಿನ್ನಂಥೋರು ಒಂದು ಫೋನಿಗೆ ಹತ್ತು ಜನ ಬರ್ತಾರೆ."

ವೇಷ ಹಾಕಿಕೊಳ್ಳಲು ನಮಗೆ ಕೊಟ್ಟಿದ್ದು ಆಟಗಾರರ ಕೋಣೆ. ಅಲ್ಲಿ ಎಂದೋ ಸತ್ತ ಸಾಕ್ಸಿನ ವಾಸನೆ. ರಮೋನಾ ಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ಆಗ ಡೆಸ್ಮಂಡ್ ಬಾಯಿಬಿಟ್ಟ. ನರ್ತಕರಿಗೆಲ್ಲ ಅವನೇ ಹಿರಿಯ, ಹೆಜ್ಜೆ ತಿದ್ದುವವನು.

"ಇವಳೊಬ್ಬಳು ಕುಣೀದಿದ್ರೆ ಇವಳನ್ನ ಓಡಿಸ್ತಾನೆ. ಯಾರೂ ಕುಣೀದಿದ್ರೆ ಯಾರನ್ನ ಓಡಿಸ್ತಾನೆ? ಎಲ್ರೂ ಗುರುತು ಹಾಕೋಣ."

ಗುರುತು ಹಾಕುವುದೆಂದರೇನೆಂದು ನಿನಗೆ ಗೊತ್ತೇ ಇದೆ. ತಾಲೀಮಿನಲ್ಲಿ ಕಾಲು ಉಳಿಸಲೆಂದು ನೀನೂ ನಮ್ಮ ಅಡುಗೆಮನೆಯಲ್ಲಿ ಹಾಗೆ ಮಾಡುತ್ತಿದ್ದೆ: ಒಲೆಯ ಮುಂದೆ ಓಡಾಡುತ್ತಾ, ಬೆರಳು ತಿರುಗಿಸಿದರೆ ಗಿರಕಿ, ಅಂಗೈ ಎತ್ತಿದರೆ ನೆಗೆತ. ಕಾಲು ಮಾಡಬೇಕಾದದ್ದನ್ನೆಲ್ಲ ಕೈ ಗುರುತಿಸಿ ತೋರಿಸುವುದು. ಅದನ್ನು ಜನರ ಮುಂದೆ, ದೀಪದ ಕೆಳಗೆ, ಪೂರ್ತಿ ಆಟ ಮಾಡುವುದೆಂದರೆ ಬರೀ ಒಳಬಟ್ಟೆಯಲ್ಲಿ ಚರ್ಚಿಗೆ ಹೋದಂತೆ. ಆದರೂ ಎಲ್ಲರೂ ಒಪ್ಪಿದರು. "ಜನ ಕೂಗ್ಲಿ, ದುಡ್ಡು ವಾಪಸ್ ಕೇಳ್ಲಿ, ಆಗ ನೆಲ ತಾನಾಗಿ ಇಳಿಯುತ್ತೆ" ಅಂದ ಡೆಸ್ಮಂಡ್. ಅಂದು ನನ್ನ ತಿರಸ್ಕಾರದ ಪಟ್ಟಿಯಿಂದ ಅವರೆಲ್ಲರ ಹೆಸರು ಹೊಡೆದು ಹಾಕಿದೆ.

ಎರಡನೆಯ ಅಂಕದಲ್ಲಿ ತುಫಾನಿನ ಕುಣಿತವಿದೆ. ಹುಡುಗಿಯರು ಪೀಪಾಯಿಗಳ ಮೇಲಿಂದ ಹಾರಬೇಕು, ನಾವಿಕರು ಅವರನ್ನು ಗಾಳಿಯಲ್ಲಿ ಹಿಡಿಯಬೇಕು. ಅಂದು ಯಾರೂ ಹಾರಲಿಲ್ಲ. ಪೀಪಾಯಿಗಳ ನಡುವೆ ಮೆಲ್ಲಗೆ ನಡೆದರು. ಬೆರಳು ತಿರುಗಿದವು, ಅಂಗೈಗಳು ಏರಿ ಇಳಿದವು. ಗಂಟಲು ಮಾತ್ರ ಬಿಚ್ಚಿ ಹಾಡಿದರು. ಪ್ಲಂಕೆಟ್ ನನ್ನ ಪಕ್ಕದಲ್ಲಿ ನಿಂತು, "ಕುಣೀರ್ರೋ, ಹೆಣಗಳಾ! ಶವಯಾತ್ರೆ ಮಾಡ್ತಿದೀರಾ?" ಎಂದು ಹಲ್ಲು ಕಚ್ಚುತ್ತಿದ್ದ. ನಾನು ಪ್ರೇಕ್ಷಕರು ಕೂಗುವುದನ್ನೇ ಕಾಯುತ್ತಿದ್ದೆ.

ಅವರು ಎದ್ದು ನಿಂತರು. ಬೈಯಲು ಅಲ್ಲ. ಚಪ್ಪಾಳೆ ತಟ್ಟಲು. ಮುಂದಿನ ಸಾಲಿನಲ್ಲೊಬ್ಬ ರೈತ ಬೀಜದ ಅಂಗಡಿಯವರು ಕೊಟ್ಟ ಟೋಪಿ ತೆಗೆದು ಎದೆಗೊತ್ತಿಕೊಂಡಿದ್ದ, ಅವನ ಹೆಂಡತಿ ಅಳುತ್ತಿದ್ದಳು. ಮರುದಿನ ಊರಿನ ಪತ್ರಿಕೆ ಬರೆಯಿತು: ಇಂಥ ಸಂಯಮ ಅಪರೂಪ, ಕಡಲಿನ ರೌದ್ರವನ್ನು ಕೇವಲ ಬೆರಳುಗಳಲ್ಲಿ ಹಿಡಿದಿದ್ದಾರೆ. ಅಮ್ಮ, ಕಾಲೇಜಿನಲ್ಲಿ ಇಂಥ ವಾಕ್ಯ ಬರೆದೇ ನಾನು ಪಾಸಾದದ್ದು.

ಅದೇ ಬೆಳಿಗ್ಗೆ ಮೋಟೆಲಿನ ತಿಂಡಿಯ ಮೇಜಿಗೆ ಪ್ಲಂಕೆಟ್ ಡೋನಟ್ ಪೆಟ್ಟಿಗೆ ಹಿಡಿದು ಬಂದ. ಅವನು ನಗುವುದನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅವನ ಒಸಡು ಬಹಳ ದೊಡ್ಡದು.

"ಮಕ್ಕಳಾ, ಯಜಮಾನ್ರಿಗೆ ಪೇಪರ್ ಓದಿ ಹೇಳ್ದೆ. ಕುಣಿದು ಸುಸ್ತಾದ್ರು. ನೀವಲ್ಲ, ಅವ್ರು, ಖುಷೀಲಿ. ಇನ್ಮುಂದೆ ಎಲ್ಲಾ ಊರಲ್ಲೂ ಹೀಗೇ. ಆ ದರಿದ್ರ ನೆಲ ಹೊತ್ಕೊಂಡು ತಿರುಗೋದು ತಪ್ತು."

ಡೆಸ್ಮಂಡ್, "ಅದು ಮುಷ್ಕರ ಕಣಯ್ಯಾ, ಕಲೆ ಅಲ್ಲ!" ಎಂದು ಕೂಗಿದ.

"ಏನಾದ್ರೂ ಅಂದ್ಕೋ. ಜನಕ್ಕೆ ಇಷ್ಟ ಆಯ್ತು" ಅಂದ ಪ್ಲಂಕೆಟ್, ಅವನ ಮುಂದೆ ಒಂದು ಡೋನಟ್ ಇಟ್ಟ. ಡೆಸ್ಮಂಡ್ ತಿಂದ. ಅದನ್ನು ನೋಡಲು ನನಗಾಗಲಿಲ್ಲ.

ರಮೋನಾಳ ಕಾಲು ಉಳಿಯಿತು ಎಂದುಕೊಂಡೆವು. ಮುಂದಿನ ಊರಿನ ತಾಲೀಮಿನಲ್ಲಿ ಪ್ಲಂಕೆಟ್ ಖಾಲಿ ಕುರ್ಚಿಗಳ ನಡುವೆ ಕೂತು ತುಫಾನು ನೋಡಿದ. ಆಮೇಲೆ ಎದ್ದು ಬಂದು, "ಅವಳು ಕುಂಟ್ತಾಳೆ" ಅಂದ. ನಿಜ. ಕುಣಿಯುವಾಗ ಅವಳ ಕುಂಟು ಯಾರಿಗೂ ಕಂಡಿರಲಿಲ್ಲ. ವೇಗದಲ್ಲಿ ಎಲ್ಲವೂ ಮುಚ್ಚಿಹೋಗುತ್ತಿತ್ತು. ಬರಿದೇ ನಡೆಯಬೇಕಾದಾಗ, ಆ ಸಂಯಮದ ನಡುವೆ, ಅದೊಂದೇ ಎದ್ದು ಕಾಣುತ್ತಿತ್ತು. ಮೊದಲ ದಿನ ಜನ ಅದನ್ನೂ ಕಡಲಿನ ನೋವು ಎಂದುಕೊಂಡಿರಬೇಕು. ಪ್ಲಂಕೆಟ್ ಅಷ್ಟು ಓದಿದವನಲ್ಲ.

"ಕುಣಿಯೋ ಕೆಲಸ ಇದ್ದಿದ್ರೆ ಇಟ್ಕೋತಿದ್ದೆ" ಎಂದು ಅವಳನ್ನು ತೆಗೆದುಹಾಕುತ್ತಾ ಸಮಾಧಾನವನ್ನೂ ಹೇಳಿದ. ಅವಳಿಗಾಗಿ ಕುಣಿತ ನಿಲ್ಲಿಸಿದವರೆಲ್ಲ ನೆಲ ನೋಡುತ್ತಾ ನಿಂತಿದ್ದರು. ಮತ್ತೊಮ್ಮೆ ಗುರುತು ಹಾಕೋಣ ಅನ್ನುವಂತಿರಲಿಲ್ಲವಲ್ಲ. ಅದೇ ಈಗ ನಾಟಕ. ರಮೋನಾ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಡೆಸ್ಮಂಡನ ಕೆನ್ನೆ ತಟ್ಟಿ, "ಬಿಡೋ, ಮೂಳೆ ಒಂದೇ ತುಂಡಾಗಿದೆಯಲ್ಲ" ಅಂದಳು.

ನೀನು ಅವಳನ್ನು ಇಷ್ಟಪಡುತ್ತೀ. ಜೋರಾಗಿ ನಗುತ್ತಾಳೆ, ನಿನ್ನ ಹಳೆಯ ಕತೆಗಳನ್ನೆಲ್ಲ ಕೇಳುತ್ತಾಳೆ, ನಾನು ಕೇಳಿದಂತೆ ಮುಖ ಸಪ್ಪಗೆ ಮಾಡಿಕೊಂಡಲ್ಲ. ಕಾಲು ಕೂಡಿಕೊಂಡರೆ ಯೂನಿಯನ್ ಕಂಪನಿಗಳು ನಡೆಸುವ ಕಲಾವಿದರ ಆಯ್ಕೆಗೆ ಹೇಗೆ ಹೋಗಬೇಕೆಂದು ಹೇಳಿಕೊಡು. ಅವಳು ಹೋಗಬೇಕಾದ ಜಾಗ ಅದು.

ನಾನು ಬೇಸಿಗೆಯವರೆಗೆ ಈ ತಂಡದಲ್ಲೇ ಇರುತ್ತೇನೆ. ಕೆಲಸ ಸ್ವಲ್ಪ ಹೆಚ್ಚಾಗಿದೆ.

ನಿನ್ನ ಮಾತು ಕೇಳದ, ಆದರೂ ನಿನ್ನವಳೇ ಆದ,
ಗ್ವೆಂಡೊಲಿನ್

ತಾ.ಕ.: ರಮೋನಾ ತಾನಾಗಿ ಹೇಳಲಾರಳು, ನೀನು ಕೇಳದೆ ಬಿಡಲಾರೆ. ಅವಳ ಜಾಗದಲ್ಲಿ ನಡೆಯುತ್ತಿರುವವಳು ನಾನು. "ಏ ಸೂಜಿ, ನೀನು ನೆಟ್ಟಗೆ ನಡೀತೀಯಲ್ಲ?" ಎಂದು ಪ್ಲಂಕೆಟ್ ಕೇಳಿದಾಗ ಇಲ್ಲ ಅನ್ನಲು ಬಾಯಿ ತೆರೆದಿದ್ದೆ, ಹೂಂ ಅಂದೆ. ಅವಳ ಲಂಗದ ಸೊಂಟ ಬಿಚ್ಚಿ ನನಗೆ ಅಗಲ ಮಾಡುವಾಗ ರಮೋನಾಳೇ ಪಿನ್ನು ಚುಚ್ಚಿಕೊಟ್ಟಳು. ನಿನ್ನೆ ಜನ ಎದ್ದು ನಿಂತರು. ಅವರ ಚಪ್ಪಾಳೆ ಎಷ್ಟಕ್ಕೆ ಬಾಳುತ್ತದೆಂದು ಈ ಕಾಗದದುದ್ದಕ್ಕೂ ಬರೆದಿದ್ದೇನೆ, ಒಂದು ಅಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಉಳಿದವರೆಲ್ಲ ಜನರಿಗೆ ಒಂದು ಸಲ ಬಾಗಿ ಒಳಗೆ ಹೋದರು, ಅಮ್ಮ. ನಾನು ಇನ್ನೊಂದು ಸಲ ಬಾಗಿದೆ.