ಡ್ರ್ಯಾಗನ್ ಮಾತು ನಿಂದು

ಜೂನ್ ೧೭, ರಾತ್ರಿ

ಬೆಳಿಗ್ಗೆ ಕೆಲಸಕ್ಕೆಂದು ಪುಸ್ತಕದಂಗಡಿಗೆ ಹೋದಾಗ ನನಗೆ ಮೊದಲು ಕಂಡದ್ದು ಒಂದು ಜೊತೆ ಬಿಳಿ ಬೂಟು. ರಾತ್ರಿಪಾಳಿ ಮುಗಿಸಿ ಬಂದ ನರ್ಸೊಬ್ಬರು ಮಕ್ಕಳ ಮೂಲೆಯ ಪುಟ್ಟ ಸ್ಟೂಲಿನ ಮೇಲೆ, ಮಂಡಿ ಗದ್ದಕ್ಕೆ ತಾಗುವಂತೆ ಕೂತು ಡ್ರ್ಯಾಗನ್ ಕಾದಂಬರಿ ಓದುತ್ತಿದ್ದರು. ಅಂಥ ಪುಸ್ತಕಗಳನ್ನೆಲ್ಲ ಅಂಗಡಿಯ ಯಜಮಾನರು ಹೋದ ವಾರ ಆ ಮೂಲೆಗೆ ತಳ್ಳಿದ್ದಾರೆ. "ದೊಡ್ಡವರು ಓದೋ ಸಾಹಿತ್ಯ ಮುಂದಿರ್ಲಿ" ಅಂತ.

"ಮಗೂಗಾ?" ಎಂದು ಯಜಮಾನರು ಕೇಳಿದ್ದೇ ತಡ, ನರ್ಸ್ ದಡಕ್ಕನೆ ಎದ್ದು "ಹೂಂ, ಮಗಳಿಗೆ" ಅಂದರು. ಬಿಲ್ ಮಾಡುವಾಗ ನನ್ನ ಕಡೆ ಬಾಗಿ, "ಮಗಳೂ ಇಲ್ಲ, ಮದುವೇನೂ ಆಗಿಲ್ಲಮ್ಮ. ಸುಮ್ನೆ ಮಾನ ಉಳಿಸ್ಕೊಂಡೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ, ಮೈ ಉರಿಯಿತು.

ಮಾನ ಹೋಗುವಂಥದ್ದು ಇದರಲ್ಲೇನಿದೆ? ಚಿಕ್ಕವಳಿದ್ದಾಗ ಗದ್ದಬಾವು ಬಂದು ಮಲಗಿದ್ದ ನನಗೆ ಚಿಕ್ಕಮ್ಮ ಇಂಥದೇ ಕಥೆ ಓದಿದ್ದಳು. "ಡ್ರ್ಯಾಗನ್ ಮಾತು ನಿಂದು, ಉಳಿದವರದ್ದೆಲ್ಲ ನಂದು" ಅಂದಿದ್ದಳು. ತರಗತಿಯಲ್ಲಿ ಹಾಜರಿ ಕೂಗಿದರೂ ಬಾಯಿ ಬಿಡದ ನಾನು, ಊದಿದ ಕೆನ್ನೆಯಲ್ಲೇ ಸೂರು ಹಾರಿಹೋಗುವಂತೆ ಗರ್ಜಿಸಿದ್ದೆ. ಆಮೇಲೆ ಎಂ.ಎ. ಮಾಡಿದೆ, ದೊಡ್ಡ ದೊಡ್ಡದನ್ನೆಲ್ಲ ಓದಿದೆ. ಆದರೆ ನನಗೆ ಮೊದಲು ದನಿ ಕೊಟ್ಟದ್ದು ಆ ಡ್ರ್ಯಾಗನ್ನೇ.

ಇವತ್ತೂ ಬಾಯಿ ಬಿಡಲಿಲ್ಲ. ಯಜಮಾನರೆದುರು ನನ್ನ ನಾಲಿಗೆ ಯಾವತ್ತೂ ಹೀಗೇ. ಆದರೆ ಅಂಗಡಿಯ ಬೀಗದ ಕೈ ನನ್ನ ಹತ್ತಿರವಿದೆ. ನಾಳೆ ಅವರಿಗಿಂತ ಮೊದಲೇ ಹೋಗಿ ಅಷ್ಟೂ ಪುಸ್ತಕಗಳನ್ನು ಬಾಗಿಲೆದುರಿನ ಕಪಾಟಿಗೆ ತರುತ್ತೇನೆ. ಪಕ್ಕದಲ್ಲಿ ದೊಡ್ಡವರು ಕೂರುವ ಕುರ್ಚಿಯೊಂದನ್ನು ಹಾಕುತ್ತೇನೆ. "ಯಾರಿಗಮ್ಮ ಇದೆಲ್ಲ?" ಎಂದು ಕೇಳಿದರೆ, "ನನಗೆ" ಅನ್ನುತ್ತೇನೆ. ಇಡೀ ಅಂಗಡಿಗೆ ಕೇಳುವಷ್ಟು ಜೋರಾಗಿ.