ಮೊಣಕಾಲಮಟ ಸಮುದ್ರ

ಅತ್ತೆಯವರೇ,

ನಿಮ್ಮ ಕೌದಿಯ ಹೊಲಿಗೆ ಬಿಚ್ಚಿದ್ದೇನೆ. ಸಿಟ್ಟಾಗಬೇಡಿ, ಪೂರ್ತಿ ಓದಿ.

ಮೋರಖಂಡಿಯಿಂದ ಹುಮನಾಬಾದಿನ ಈ ಮನೆಗೆ ನಾನು ಸೊಸೆಯಾಗಿ ಬಂದ ವರ್ಷ ನೆನಪಿದೆಯೇ? ಹಗಲೆಲ್ಲ ನಾನು ಸೊಟ್ಟಸೊಟ್ಟಾಗಿ ಹೊಲಿದದ್ದನ್ನು ಸಂಜೆ ಕೂತು ನೀವು ಬಿಚ್ಚುತ್ತಿದ್ದಿರಿ. "ಏನವಾ, ಟಾಕಿ ಹಾಕಿಯೋ, ಕಾಗಿ ಕುಣಿಸಿಯೋ?" ಅಂದಿದ್ದಿರಿ. ಕೌದಿ ಹಸಿದಿರಬಾರದು, ಕಡೆಗೆ ಒಂದು ಒಳ್ಳೆಯ ತುಂಡನ್ನು ಪದರಗಳ ನಡುವೆ ಇಟ್ಟು ಹೊಟ್ಟೆ ತುಂಬಿಸಿಯೇ ಮುಚ್ಚಬೇಕು ಎಂದು ಕಲಿಸಿದವರೂ ನೀವೇ.

ಮುಂಬೈಯ ಆ ಫೋಟೋ! ಸಣ್ಣ ಮಾವ ಅಲ್ಲಿ ಗಿರಣಿಯಲ್ಲಿದ್ದಾಗ ನೀವೂ ಮಾವನವರೂ ಇಲ್ಲಿಂದ ಬಸ್ಸು, ಸೊಲ್ಲಾಪುರದಿಂದ ರೈಲು ಹಿಡಿದು ಹೋಗಿದ್ದಿರಲ್ಲ, ಆಗಿನದು. ನಮ್ಮ ಮನೆತನದಲ್ಲಿ ಸಮುದ್ರ ಕಂಡ ಮೊದಲ ಹೆಂಗಸು ನೀವು. "ಸೀರಿ ಎತ್ತಲಾರದ ಇಳದೆ, ಮೊಣಕಾಲಮಟ ನೀರು" ಎಂದು ನೀವು ಹೇಳಿದಾಗಲೆಲ್ಲ ಸಣ್ಣ ಮಾವ ಚಹಾದ ಬಸಿಯಿಂದ ತಲೆ ಎತ್ತಿ, "ಇಲ್ರಿ ವೈನಿ, ಉಸುಕಿನ್ಯಾಗ ನಿಂತು ಅಣ್ಣನ ಅಂಗಿ ಹಿಡಕೊಂಡಿದ್ರಿ" ಅನ್ನುತ್ತಿದ್ದರು. ಫೋಟೋದವನು ಸೊಂಟದ ಮೇಲಷ್ಟೇ ತೆಗೆದಿದ್ದ. ಹಿಂದೆ ಸಮುದ್ರ, ಮುಂದೆ ನೀವು, ಕಾಲೇ ಇಲ್ಲ. ಮಾವನವರು ಬರೀ ನಗುತ್ತಿದ್ದರು. ಒಂದು ದಿನ ನಾನೂ ನಕ್ಕೆ. ನೀವು ನನ್ನತ್ತ ಒಮ್ಮೆ ನೋಡಿದಿರಿ. ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಆ ನೋಟ ನನಗೆ ಈಗಲೂ…

ನಿಮ್ಮ ಮೊಮ್ಮಗಳು ಸುಮಿತ್ರಾ ಈಗ ಬಸವಕಲ್ಯಾಣದ ಶಾಲೆಯಲ್ಲಿ ಟೀಚರ್. ಅವಳ ಕೋಣೆಯ ಗೋಡೆಗೆಂದು ಆ ಫೋಟೋವನ್ನು ಬಟ್ಟೆಯ ಮೇಲೆ ಕಸೂತಿ ಮಾಡಲು ಕೂತೆ. ಕಪ್ಪು ಬಿಳುಪಿನ ಫೋಟೋ, ಸೀರೆಯ ಬಣ್ಣ ಯಾವುದು? ಕೇಳಲು ನೀವಿಲ್ಲ. ಸೀರೆ ಕೌದಿಗೆ ಹೋಯಿತು ಎಂದು ಒಮ್ಮೆ ಅಂದಿದ್ದಿರಿ. ಹುಡುಕಿದೆ. ನಿಮ್ಮ ಅವ್ವನ ಕುಪ್ಪಸ, ಮಾವನವರ ಧೋತರ, ನನ್ನ ಗಂಡ ಕೂಸಾಗಿದ್ದಾಗಿನ ಕುಂಚಿಗೆ, ಮೂರು ತಲೆಮಾರು ಅಕ್ಕಪಕ್ಕ ಕೂತಿತ್ತು. ಸೀರೆ ಮಾತ್ರ ಇಲ್ಲ. ಕಡೆಗೆ ಕೌದಿಯ ಹೊಟ್ಟೆ ಬಿಚ್ಚಿದೆ.

ಹಳದಿ ಸೀರೆ, ಕೆಂಪು ಅಂಚು. ಅಂಚಿನ ಕೆಂಪು ನೀರಿಗೆ ಕರಗಿ, ಹಳದಿಯೊಳಗೆ ಮೇಲೇರಿ, ಅಲೆಅಲೆಯಾಗಿ ಒಂದು ಗೆರೆಗೆ ನಿಂತಿತ್ತು. ಒಗೆದು ಬಿಟ್ಟ ಬಣ್ಣವಾಗಿದ್ದರೆ ಎಲ್ಲ ಕಡೆ ಹರಡುತ್ತಿತ್ತು. ಅಂಚನ್ನು ನನ್ನ ಹಿಮ್ಮಡಿಗೆ ಹಿಡಿದು ನೋಡಿದೆ. ಗೆರೆ ಸರಿಯಾಗಿ ಮೊಣಕಾಲಿಗೆ ಬಂತು.

ಇದನ್ನು ಅಂದೇ ತೋರಿಸಬಹುದಿತ್ತಲ್ಲ? ಆದರೆ ಕೌದಿಗೆ ಉಣ್ಣಿಸಿದ್ದನ್ನು ನಾಲ್ಕು ಜನ ನಕ್ಕರೆಂದು ಹೊರತೆಗೆಯುವ ಹೆಂಗಸೇ ನೀವು? ಸಣ್ಣ ಮಾವನ ಮುಂದೆ ತುಂಡು ಹರವಿದೆ. ಕನ್ನಡಕ ಏರಿಸಿ ನೋಡಿದರು. ಗೆರೆಯ ಮೇಲೆ ಬೆರಳಾಡಿಸಿ, "ನಾ ಆಗ ಚಹಾ ತರಾಕ ಹೋಗಿದ್ದೆ" ಅಂದರು.

ಫೋಟೋದಲ್ಲಿ ಇಲ್ಲದ ಕಾಲನ್ನು ಕಸೂತಿಯಲ್ಲಿ ನೀರಿಗಿಳಿಸಿದ್ದೇನೆ. ನೀಲಿ ದಾರ ಮೊಣಕಾಲಮಟ, ಒಂದೆಳೆ ಹೆಚ್ಚಿಲ್ಲ. ಸೀರೆಯ ತುಂಡನ್ನು ಕೌದಿಯ ಹೊಟ್ಟೆಗೇ ಮರಳಿಸಿ ಮುಚ್ಚಿದೆ. ಈ ಸಲ ಕಾಗೆ ಕುಣಿದಿಲ್ಲ, ಬೇಕಾದರೆ ಬಂದು ನೋಡಿ.

ಬೇಸಿಗೆ ರಜೆಗೆ ಸುಮಿತ್ರಾ ನನ್ನನ್ನು ಮುಂಬೈಗೆ ಕರೆದೊಯ್ಯುತ್ತಾಳೆ. ನಿನ್ನೆ ಬಜಾರಿಗೆ ಹೋಗಿ, ಬಣ್ಣ ಬಿಡುವ ಸೀರೆ ಇದೆಯೇ ಎಂದು ಕೇಳಿದೆ. ಅಂಗಡಿಯವರು ಹುಬ್ಬು ಗಂಟಿಕ್ಕಿ, "ಅಂಥಾವು ನಾವು ಇಡಂಗಿಲ್ರಿ ಅಕ್ಕಾರ" ಅಂದರು. ಬೇರೆ ಅಂಗಡಿ ನೋಡುತ್ತೇನೆ. ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಉಟ್ಟು, ಎತ್ತದೇ ಇಳಿಯುತ್ತೇನೆ.

ನಿಮ್ಮ ಸೊಸೆ