ತುತ್ತೂರಿಯ ತಟ್ಟೆ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದೀಯಪ್ಪಾ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಬೆವರುಸಾಲೆ ಎದ್ದಿದೆ ಅಂದಿದ್ದೆ, ಕಮ್ಮಿಯಾಯ್ತಾ? ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹೆಂಡತಿ ಗಟ್ಟಿಯಾಗಿದಾಳೆ. ನನ್ನ ಮಂಡಿ ಮಾತ್ರ ನನ್ನ ಹೊಲಿಗೆ ಮಿಷನ್ನಿಗಿಂತ ಜಾಸ್ತಿ ಸದ್ದು ಮಾಡುತ್ತೆ. ನೀನು ಫೋನ್ ಮಾಡಿ "ಮಗು ಕೈಲಿ ಒಂದ್ಸಲ ಅಪ್ಪಾ ಅನ್ನಿಸಮ್ಮಾ" ಅಂದಾಗೆಲ್ಲ ಮಲಗಿದಾಳೆ ಅಂತ ಸುಳ್ಳು ಹೇಳಿ ಸಾಕಾಯ್ತು, ಅದಕ್ಕೇ ಈ ಕಾಗದ.

ಮಗಳಿಗೆ ತುತ್ತೂರಿ ಅಂತ ಹೆಸರಿಟ್ಟವನು ನೀನೇ. ಅವಳು ಕಿರುಚಿದ್ರೆ ಬೀದಿ ಕೊನೆಯ ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸ್ತಿದ್ದ. ಶ್ವಾಸಕೋಶಕ್ಕೆ ಸೋಂಕು ತಗುಲಿದಾಗ ಬಾಯಿಂದ ಉಸಿರಿನ ಟ್ಯೂಬ್ ಹಾಕಿದ್ರಲ್ಲ, ಅದು ನಡುವೆ ಕಿತ್ತುಬಂದು, ಅವಸರದಲ್ಲಿ ಮತ್ತೆ ಎರಡು ಸಲ ತೂರಿಸಿ ಗಂಟಲೊಳಗೆ ಗಾಯ ಆಯ್ತು. ಗಾಯ ಮಾಯುವಾಗ ಉಸಿರಿನ ದಾರಿಯೇ ಕಿರಿದಾಯ್ತು. ಅದಕ್ಕೇ ಕುತ್ತಿಗೆಯಲ್ಲಿ ತೂತು ಮಾಡಿ ಪುಟ್ಟ ಕೊಳವೆ ಇಟ್ಟಿರೋದು. ಇಷ್ಟು ನಿನಗೆ ಗೊತ್ತು. ನಾವು ಮುಚ್ಚಿಟ್ಟಿದ್ದು ಏನಂದ್ರೆ, ಉಸಿರೆಲ್ಲ ಆ ಕೊಳವೆಯಲ್ಲೇ ಹೋಗಿಬಿಡುತ್ತೆ, ಈಗ ಅವಳಿಗೆ ದನಿ ಇಲ್ಲ ಕಣೋ. ಅಳ್ತಾಳೆ, ಮುಖ ಕೆಂಪಾಗುತ್ತೆ, ಕಣ್ಣೀರು ಸುರಿಯುತ್ತೆ, ಸದ್ದೇ ಬರಲ್ಲ.

ಆದ್ರೆ ನಿನ್ನ ಮಗಳು ಸುಮ್ಮನಿರೋಳಾ? ಸ್ಟೀಲ್ ತಟ್ಟೆಗೆ ಚಮಚದಿಂದ ಬಡೀತಾಳೆ. ಎರಡು ಸಲ ಬಡಿದ್ರೆ ಅಮ್ಮ ಬರಬೇಕು, ಒಂದು ಸಲ ಅಂದ್ರೆ ಅಜ್ಜಿ. ಅಮ್ಮ ಬಂದು ಕೊಳವೆಯ ಕಫ ಎಳೀತಾಳೆ, ಅಜ್ಜಿ ಬಂದು ಕುಣೀಬೇಕು. ಈ ಮಂಡಿ ಇಟ್ಕೊಂಡು! ಸ್ವಲ್ಪ ದೊಡ್ಡವಳಾದ ಮೇಲೆ ಆಪರೇಷನ್ ಮಾಡಿ ದಾರಿ ಅಗಲ ಮಾಡಬಹುದಂತೆ. ದನಿ ಎಷ್ಟು ಬರುತ್ತೋ ಹೇಳೋಕಾಗಲ್ಲ ಅಂದ್ರು ಡಾಕ್ಟರು. ಒಡಕು ದನಿಯಾದ್ರೂ ಸಾಕು ಅಂತ ನಿನ್ನ ಹೆಂಡತಿ ಅಂದ್ಲು. ನಾನು ಎದ್ದು ತಟ್ಟೆ ತೊಳೆಯೋಕೆ ಹೋದೆ.

ನರ್ಸ್ ಮೇಲೆ ನೀನು ಹಡಗಿಂದಲೇ ದೂರು ಕಳಿಸಿದ್ದು ಆಸ್ಪತ್ರೆಯವರಿಗೆ ತಲುಪಿದೆ. ಮಗು ಟ್ಯೂಬ್ ಎಳೀಬಾರದು ಅಂತ ಮಂಚಕ್ಕೆ ಬಟ್ಟೆ ಪಟ್ಟಿಯಿಂದ ಕೈ ಕಟ್ಟಿದ್ದವಳು ಅವಳೇ ತಾನೇ, ಸಡಿಲ ಕಟ್ಟಿದ್ಲು ಅಂತ ಕೆಲಸದಿಂದ ದೂರ ಇಟ್ಟಿದಾರೆ. ಶುಕ್ರವಾರ ವಿಚಾರಣೆ. ಕೆಟ್ಟ ಹುಡುಗಿಯಲ್ಲ ಅದು. ದಿನಾ ನಮ್ಮ ಮಗುವಿನ ತಲೆ ಬಾಚ್ತಿದ್ಲು. ಭಾನುವಾರ ಮನೆ ಬಾಗಿಲಿಗೆ ಬಂದು ನಿಂತು, "ನಾನೇ ಗಂಟು ಸರಿಯಾಗಿ ಹಾಕಿರಲಿಲ್ಲವೇನೋ ಅಜ್ಜಿ" ಅಂತ ಬಿಕ್ಕಿಬಿಕ್ಕಿ ಅತ್ಲು. ನೀರು ಕೊಟ್ಟು ಕಳಿಸಿದೆ.

ಇಂಜಿನ್ ಹತ್ರ ಹುಷಾರು. ತಣ್ಣಗಿರು ಮಗನೇ, ನನ್ನ ಆಯಸ್ಸೂ ನಿನಗೇ ಇರಲಿ.

ನಿನ್ನ ಅಮ್ಮ

ಮತ್ತೆ: ಮರೆತು ಕೆಳಗೆ ಬರೀತಿಲ್ಲ. ಮೇಲೆ ಬರೆಯೋಕೆ ಧೈರ್ಯ ಸಾಲಲಿಲ್ಲ. ಆ ಗಂಟು ಬಿಚ್ಚಿದ್ದು ನಾನು. ಪಟ್ಟಿಯ ಒರಟು ಅಂಚು ಉಜ್ಜಿ ಮಗುವಿನ ಮಣಿಕಟ್ಟು ಕೆಂಪಾಗಿತ್ತು. ಮುಟ್ಟಬೇಡಿ ಅಂತ ಆ ಹುಡುಗಿ ಹೇಳಿದ್ಲು. ನಲವತ್ತು ವರ್ಷ ಬಟ್ಟೆ ಹೊಲಿದವಳಿಗೆ ಇವಳೇನು ಹೇಳೋದು ಅಂದ್ಕೊಂಡೆ. ಒಳಗೆ ಮೆತ್ತನೆ ಬಟ್ಟೆ ಕೊಟ್ಟು ಹೊಲಿದುಬಿಡೋಣ, ಎರಡೇ ನಿಮಿಷ, ಅಂತ ಬಿಚ್ಚಿ ಚೀಲದಿಂದ ಸೂಜಿ ತೆಗೆದೆ. ಮೂರು ಹೊಲಿಗೆ ಹಾಕಿದ್ದೆ. ತಲೆ ಎತ್ತೋದರೊಳಗೆ ಟ್ಯೂಬ್ ಅವಳ ಮುಷ್ಟಿಯಲ್ಲಿತ್ತು. ಎಲ್ಲರೂ ಓಡಿಬಂದ್ರು, ನಾನು ಪಟ್ಟಿಯನ್ನ ಚೀಲಕ್ಕೆ ತುರುಕಿಕೊಂಡೆ. ಟ್ಯೂಬ್ ತುಂಬಾ ದಿನ ಇದ್ರೂ ಹೀಗಾಗಬಹುದು ಅಂತಾರೆ ಡಾಕ್ಟರು. ಆ ಮಾತಿನ ಹಿಂದೆ ನಾನು ಅಡಗಿಕೊಳ್ಳಲ್ಲ. ದೂರು ವಾಪಸ್ ತಗೋ. ಶುಕ್ರವಾರ ಪಟ್ಟಿ ಹಿಡ್ಕೊಂಡು ನಾನೇ ಹೋಗ್ತೀನಿ, ನಿನ್ನ ಹೆಂಡತಿಗೆ ಇವತ್ತೇ ಹೇಳಿ, ಅವಳ ಫೋನಿಂದಲೇ ಈ ಕಾಗದದ ಫೋಟೋ ನಿನಗೆ ಕಳಿಸ್ತೀನಿ. ಆಮೇಲೆ ನೀವಿಬ್ಬರೂ ನನ್ನನ್ನ ಏನಾದ್ರೂ ಅನ್ನಿ.

ತಟ್ಟೆ ಸದ್ದಾಯ್ತು. ಒಂದೇ ಸಲ. ನನ್ನನ್ನೇ ಕರೀತಿದಾಳೆ.